ಮಿಥೇನ್ ತಿನ್ನುವ ಕಾಡುಮಣ್ಣಿಗೆ ನಾವೇನು ಸುರಿಯುತ್ತಿದ್ದೇವೆ?

ಮಾನ್ಯ ಸಂಪಾದಕರೇ,

ಭೂಮಿಯನ್ನು ಬಿಸಿ ಮಾಡುವ ಮಿಥೇನ್ ಅನಿಲದ ಬಗ್ಗೆ ಪತ್ರಿಕೆಗಳಲ್ಲಿ ಬರುವುದನ್ನೆಲ್ಲ ನಾನು ಬಿಡದೆ ಓದುತ್ತೇನೆ. ದನಕರುಗಳ ತೇಗು, ನೀರು ನಿಂತ ಭತ್ತದ ಗದ್ದೆ, ಕಸದ ಗುಡ್ಡ, ಕಲ್ಲಿದ್ದಲು ಗಣಿ, ಸೋರುವ ಗ್ಯಾಸ್ ಪೈಪು, ಎಲ್ಲದರ ಬಗ್ಗೆಯೂ ಬರೆಯುತ್ತಾರೆ. ಬರೆಯಬೇಕಾದ್ದೇ. ಆದರೆ ಮಿಥೇನ್ ಎಲ್ಲಿಂದ ಬರುತ್ತದೆ ಅನ್ನುವುದು ಅರ್ಧ ಲೆಕ್ಕ. ಬಂದದ್ದು ಎಲ್ಲಿ ಹೋಗುತ್ತದೆ ಅನ್ನುವ ಇನ್ನರ್ಧದ ಬಗ್ಗೆ ಒಂದು ಸಾಲೂ ಕಾಣುವುದಿಲ್ಲ. ಆ ಇನ್ನರ್ಧದಲ್ಲಿ ಕಾಡಿನ ಮಣ್ಣಿಗೆ ಒಂದು ಪಾಲಿದೆ. ಆ ಪಾಲನ್ನು ನಾವೇ ಕಡಿಮೆ ಮಾಡುತ್ತಿದ್ದೇವೆ, ಅದೂ ಗೊತ್ತೇ ಆಗದ ಹಾಗೆ, ಗೊಬ್ಬರ, ಕಳೆನಾಶಕ, ಹೊಗೆ ಇವುಗಳ ಮೂಲಕ. ಇದನ್ನು ಹೇಳೋಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಲೆಕ್ಕ ನೋಡೋಣ. 1750ರ ಸುಮಾರಿಗೆ ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು 720 ಮಿಥೇನ್ ಅಣುಗಳಿದ್ದವು. ಈಗ 1900 ದಾಟಿದೆ. ತೂಕಕ್ಕೆ ತೂಕ ಇಟ್ಟು ನೋಡಿದರೆ, 20 ವರ್ಷದ ಅವಧಿಯಲ್ಲಿ ಮಿಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟು ಜಾಸ್ತಿ ಶಾಖ ಹಿಡಿಯುತ್ತದೆ. ಒಂದೇ ಸಮಾಧಾನ ಅಂದ್ರೆ ಅದು ಗಾಳಿಯಲ್ಲಿ ತುಂಬಾ ವರ್ಷ ಉಳಿಯುವುದಿಲ್ಲ, ಹತ್ತು ವರ್ಷದ ಆಸುಪಾಸಿನಲ್ಲಿ ಹೋಗಿಬಿಡುತ್ತದೆ. ಹೋಗುವುದರಲ್ಲಿ ದೊಡ್ಡ ಪಾಲು, ಸುಮಾರು 90%, ಗಾಳಿಯಲ್ಲೇ ಹೈಡ್ರಾಕ್ಸಿಲ್ ಅನ್ನುವ ಚುರುಕು ಕಣಗಳ ಜೊತೆ ಸೇರಿ ಒಡೆಯುತ್ತದೆ. ಇನ್ನು ಸುಮಾರು 5%, ಅಂದರೆ ವರ್ಷಕ್ಕೆ ಮೂರು ಕೋಟಿ ಟನ್ನಿನಷ್ಟು, ಮಣ್ಣಿಗೆ ಹೋಗುತ್ತದೆ.

ಐದು ಪರ್ಸೆಂಟ್ ತಾನೇ, ಬಿಡಿ ಅಂತ ಅನ್ನಿಸಬಹುದು. ಆದರೆ ಒಂದು ಮಾತು ಯೋಚಿಸಿ. ಇತ್ತೀಚಿನ ವರ್ಷಗಳಲ್ಲಿ ಗಾಳಿಯಲ್ಲಿ ಹೊಸದಾಗಿ ಸೇರಿ ಉಳಿಯುತ್ತಿರುವ ಮಿಥೇನ್ ವರ್ಷಕ್ಕೆ ಎರಡರಿಂದ ಐದು ಕೋಟಿ ಟನ್. ಅಂದರೆ ಮಣ್ಣು ಪ್ರತಿ ವರ್ಷ ತಿಂದು ಹಾಕುವುದೂ, ನಮ್ಮನ್ನು ಇಷ್ಟು ಕಂಗೆಡಿಸಿರುವ ಏರಿಕೆಯೂ ಹೆಚ್ಚುಕಡಿಮೆ ಒಂದೇ ಅಳತೆಯವು. ಮಣ್ಣು ಈ ಕೆಲಸ ನಿಲ್ಲಿಸಿದರೆ ಏರಿಕೆಯ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾಗಿ ಇದು ಸಣ್ಣ ವಿಷಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಇದನ್ನು ಅಳೆಯುವುದು ಹೇಗೆ ಅಂತ ಹೇಳಿದರೆ ವಿಷಯ ಹತ್ತಿರವಾಗುತ್ತದೆ. ಕಾಡಿನ ನೆಲದಲ್ಲಿ ಒಂದು ಉಂಗುರವನ್ನು ಮಣ್ಣಿಗೆ ಇಳಿಸಿ ಬಿಟ್ಟಿರುತ್ತಾರೆ. ಅಳೆಯುವ ದಿನ ಅದರ ಮೇಲೆ ಬಿಗಿಯಾಗಿ ಒಂದು ಡಬ್ಬಿ ಮುಚ್ಚುತ್ತಾರೆ. ಮುಚ್ಚಳದಲ್ಲಿ ಒಂದು ಸಣ್ಣ ರಬ್ಬರ್ ಬಿರಡೆ ಇರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅದರೊಳಗೆ ಸೂಜಿ ಚುಚ್ಚಿ, ಸಿರಿಂಜಿನಲ್ಲಿ ಒಂದಿಷ್ಟು ಗಾಳಿ ಎಳೆದುಕೊಂಡು ಚಿಕ್ಕ ಸೀಸೆಗೆ ತುಂಬಿ, ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ, ಅಂದರೆ ಯಾವ ಅನಿಲ ಎಷ್ಟಿದೆ ಅಂತ ಅಳೆಯುವ ಯಂತ್ರಕ್ಕೆ ಕೊಡುತ್ತಾರೆ. ನೀರು ನಿಂತ ಗದ್ದೆಯಲ್ಲಿ ಇದೇ ಕೆಲಸ ಮಾಡಿದರೆ ಡಬ್ಬಿಯೊಳಗಿನ ಮಿಥೇನ್ ಏರುತ್ತಾ ಹೋಗುತ್ತದೆ. ನೀರು ನಿಲ್ಲದ ಕಾಡಿನ ಮಣ್ಣಲ್ಲಿ ಉಲ್ಟಾ. ಮೊದಲ ಸೀಸೆಯಲ್ಲಿ ಹೊರಗಿನ ಗಾಳಿಯಷ್ಟೇ ಮಿಥೇನ್, ಎರಡನೆಯದರಲ್ಲಿ ಕಡಿಮೆ, ಮೂರನೆಯದರಲ್ಲಿ ಇನ್ನೂ ಕಡಿಮೆ. ಕಣ್ಣಿಗೆ ಏನೂ ಕಾಣದು, ಅದೇ ತರಗೆಲೆ, ಅದೇ ಒದ್ದೆ ಮಣ್ಣಿನ ವಾಸನೆ. ಗ್ರಾಫಿನಲ್ಲಿ ಮಾತ್ರ ಗೆರೆ ಇಳಿಯುತ್ತಾ ಹೋಗುತ್ತದೆ. ಒಂದು ಹೆಕ್ಟೇರ್ ಕಾಡು ವರ್ಷಕ್ಕೆ ಒಂದೆರಡು ಕಿಲೋದಿಂದ ಐದಾರು ಕಿಲೋ ಮಿಥೇನನ್ನು ಹೀಗೆ ಹೀರಿಕೊಳ್ಳುತ್ತದೆ.

ಹೀರಿಕೊಳ್ಳುವವರು ಬ್ಯಾಕ್ಟೀರಿಯಾಗಳು. ಮಿಥೇನನ್ನೇ ಆಹಾರ ಮಾಡಿಕೊಂಡ ಬ್ಯಾಕ್ಟೀರಿಯಾ ಇದೆ ಅಂತ 1906ರಲ್ಲೇ ನೆದರ್‌ಲ್ಯಾಂಡ್ಸ್‌ನ ಸೋಂಗೆನ್ ತೋರಿಸಿದ್ದರು. ಆದರೆ ಅವು ಕೊಚ್ಚೆ, ಕೆರೆ, ಗದ್ದೆಯಂಥ ಮಿಥೇನ್ ಧಾರಾಳವಾಗಿ ಸಿಗುವ ಜಾಗದವು. ಕಾಡಿನ ಮಣ್ಣಿನವರ ಕತೆಯೇ ಬೇರೆ. ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಪೂರ್ತಿ ಎರಡು ಮಿಥೇನ್ ಅಣು ಕೂಡ ಇಲ್ಲ. ಅಷ್ಟನ್ನೇ ಹೆಕ್ಕಿ ತಿಂದು ಇವು ಬದುಕಬೇಕು. ಹೇಗೆ ಬದುಕುತ್ತವೆ ಅನ್ನುವುದು ಎಷ್ಟೋ ವರ್ಷ ಒಗಟಾಗಿಯೇ ಇತ್ತು, ಯಾಕಂದ್ರೆ ಅವನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಆಗುತ್ತಿರಲಿಲ್ಲ. ಮಣ್ಣಿನಿಂದ ಅವುಗಳ ಜೀನ್ ಮಾತ್ರ ಸಿಗುತ್ತಿತ್ತು. ಕೊನೆಗೆ 2019ರಲ್ಲಿ ನಾರ್ವೆಯ ಟ್ರೊಮ್ಸೋದಲ್ಲಿ ಮುಚ್ಚಿಹೋದ ಒಂದು ಕಸದ ಗುಡ್ಡದ ಮೇಲ್ಮಣ್ಣಿನಿಂದ ಬಂದ ಮಿಥೈಲೊಕ್ಯಾಪ್ಸಾ ಗೋರ್ಗೋನಾ ಅನ್ನುವ ಬ್ಯಾಕ್ಟೀರಿಯಾ ಬರೀ ಗಾಳಿಯಲ್ಲಿ ಬೆಳೆಯಬಲ್ಲದು ಅಂತ ಖಚಿತವಾಯಿತು. ಮಿಥೇನ್ ಸಾಲದಾದಾಗ ಅದು ಗಾಳಿಯಲ್ಲಿನ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್‌ಗಳಿಂದಲೂ ಒಂದಿಷ್ಟು ಶಕ್ತಿ ತೆಗೆದುಕೊಳ್ಳುತ್ತದೆ.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಇವು ಹೊಟ್ಟೆ ತುಂಬಿದ ಜೀವಿಗಳಲ್ಲ. ಬದುಕುವ ಅಂಚಿನಲ್ಲೇ ಇರುತ್ತವೆ, ತುಂಬಾ ನಿಧಾನವಾಗಿ ಬೆಳೆಯುತ್ತವೆ. ಅದಕ್ಕೇ ರಾಸಾಯನಿಕದ ಸಣ್ಣ ಪೆಟ್ಟು ಕೂಡ ಇವಕ್ಕೆ ದೊಡ್ಡದಾಗಿ ತಾಗುತ್ತದೆ.

ಅತಿ ದೊಡ್ಡ ಪೆಟ್ಟು ಅಮೋನಿಯಂನಿಂದ. ಯೂರಿಯಾ ಹಾಕಿದರೂ ಮಣ್ಣಲ್ಲಿ ಅದು ಮೊದಲು ಅಮೋನಿಯಂ ಆಗುತ್ತದೆ ಅಂತ ರೈತರಿಗೆಲ್ಲ ಗೊತ್ತು. ಮಿಥೇನ್ ತಿನ್ನುವ ಬ್ಯಾಕ್ಟೀರಿಯಾದ ಒಳಗೆ ಮಿಥೇನನ್ನು ಮೊದಲು ಹಿಡಿದು ಮೆಥನಾಲ್ ಮಾಡುವ ಒಂದು ಕಿಣ್ವ ಇದೆ, ಮಿಥೇನ್ ಮಾನೊಆಕ್ಸಿಜಿನೇಸ್ ಅಂತ ಹೆಸರು. ಅದು ಕೆಲಸ ಮಾಡಲು ತಾಮ್ರ ಬೇಕು. ಮಿಥೇನ್ ಅಂದರೆ ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್. ಅಮೋನಿಯಂ ಜೊತೆಗೇ ಇರುವ ಅಮೋನಿಯಾ ಅಂದರೆ ಒಂದು ಸಾರಜನಕ, ಮೂರು ಹೈಡ್ರೋಜನ್. ಗಾತ್ರದಲ್ಲಿ ಎರಡೂ ಹತ್ತಿರ ಹತ್ತಿರ. ಕಿಣ್ವಕ್ಕೆ ಇವೆರಡನ್ನು ಸರಿಯಾಗಿ ಬೇರ್ಪಡಿಸಿ ನೋಡುವ ಶಕ್ತಿ ಇಲ್ಲ. ಮಿಥೇನ್ ಕೂರಬೇಕಾದ ಸೀಟಿನಲ್ಲಿ ಅಮೋನಿಯಾ ಬಂದು ಕೂತುಬಿಡುತ್ತದೆ. ಮೊದಲೇ ಮಿಥೇನ್ ಅಪರೂಪ, ಅಮೋನಿಯಾ ದಂಡಿಯಾಗಿ ಬಂದರೆ ಅದಕ್ಕೆ ಜಾಗ ಎಲ್ಲಿಯದು?

ಅಷ್ಟಕ್ಕೆ ಮುಗಿದಿದ್ದರೆ ಅಮೋನಿಯಂ ಖಾಲಿಯಾದ ಮೇಲೆ ಎಲ್ಲ ಸರಿಹೋಗಬೇಕಿತ್ತು. ಹೋಗುವುದಿಲ್ಲ. ಸೀಟು ಹಿಡಿದ ಅಮೋನಿಯಾವನ್ನು ಕಿಣ್ವ ಸುಮ್ನೆ ಬಿಡುವುದಿಲ್ಲ, ಅದನ್ನೂ ಆಕ್ಸಿಡೀಕರಿಸಿ ಹೈಡ್ರಾಕ್ಸಿಲಮೈನ್ ಮಾಡುತ್ತದೆ, ಅದರಿಂದ ನೈಟ್ರೈಟ್ ಆಗುತ್ತದೆ. ಎರಡೂ ಆ ಜೀವಕೋಶಕ್ಕೆ ವಿಷ. ಅಂದರೆ ತನ್ನ ಕಿಣ್ವವೇ ಮಾಡಿದ ವಿಷದಿಂದ ಆ ಬ್ಯಾಕ್ಟೀರಿಯಾ ನರಳುತ್ತದೆ. ಅಮೆರಿಕದ ಮೇನ್ ರಾಜ್ಯದ ಕಾಡುಮಣ್ಣಿನ ಮೇಲೆ ಕಿಂಗ್ ಮತ್ತು ಶ್ನೆಲ್ ಅನ್ನುವವರು 1994ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಅವರು ಕಂಡುಕೊಂಡ ಇನ್ನೊಂದು ವಿಷಯ ನನಗೆ ತುಂಬಾ ಕಳವಳ ಹುಟ್ಟಿಸಿದ್ದು: ಗಾಳಿಯಲ್ಲಿ ಮಿಥೇನ್ ಜಾಸ್ತಿಯಾದರೆ ಅಮೋನಿಯಂ ಕೊಡುವ ಪೆಟ್ಟು ಕಡಿಮೆ ಆಗುವುದಿಲ್ಲ, ಜಾಸ್ತಿ ಆಗುತ್ತದೆ. ಮಿಥೇನ್ ಜಾಸ್ತಿ ತಿಂದ ಜೀವಕೋಶಕ್ಕೆ ಅಮೋನಿಯಾವನ್ನು ಆಕ್ಸಿಡೀಕರಿಸುವ ಕಸುವೂ ಜಾಸ್ತಿ ಬರುತ್ತದೆ, ನೈಟ್ರೈಟೂ ಜಾಸ್ತಿಯಾಗುತ್ತದೆ. ಗಾಳಿಯಲ್ಲಿ ಮಿಥೇನ್ ಏರಿದ ಹಾಗೆ ಮಣ್ಣು ತಾನಾಗಿ ಜಾಸ್ತಿ ತಿಂದು ಸರಿದೂಗಿಸುತ್ತದೆ ಅಂತ ನಂಬಿ ಕೂರೋ ಹಾಗಿಲ್ಲ ಅಂತ ಇದರ ಅರ್ಥ.

ಇದು ಗಾಜಿನ ಸೀಸೆಯೊಳಗೆ ಮಾತ್ರ ಆಗುವ ಸಂಗತಿಯಲ್ಲ. 1989ರಲ್ಲೇ ಅಮೆರಿಕದ ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಫಾರೆಸ್ಟ್‌ನಲ್ಲಿ ಸ್ಟ್ಯೂಡ್ಲರ್ ಮತ್ತು ಜೊತೆಗಾರರು ಕಾಡಿನ ನೆಲಕ್ಕೆ ಅಮೋನಿಯಂ ನೈಟ್ರೇಟ್ ಹಾಕಿ ನೋಡಿದ್ದರು. ಮಣ್ಣು ಮಿಥೇನ್ ಹೀರುವುದು ಮೂರನೇ ಒಂದು ಪಾಲಿನಷ್ಟು ಇಳಿದಿತ್ತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಬೇರೆ ಬೇರೆ ಗೊಬ್ಬರ ಹಾಕಿ ಗೋಧಿ ಬೆಳೆಯುತ್ತಾ ಬಂದಿದ್ದಾರೆ. 1990ರ ದಶಕದಲ್ಲಿ ಆ ಪಟ್ಟಿಗಳ ಮಣ್ಣು ತೆಗೆದು ಅಳೆದಾಗ, ವರ್ಷಾನುಗಟ್ಟಲೆ ಸಾರಜನಕದ ರಸಗೊಬ್ಬರ ತಿಂದ ಮಣ್ಣಿನ ಮಿಥೇನ್ ಹಸಿವು ಬಹಳ ಕಡಿಮೆಯಾಗಿತ್ತು. ಕೊಟ್ಟಿಗೆ ಗೊಬ್ಬರ ಹಾಕಿದ ಪಟ್ಟಿಯಲ್ಲಿ ಆ ಇಳಿತ ಇರಲಿಲ್ಲ. ಅಂದರೆ ಸಾರಜನಕ ಎಷ್ಟು ಅನ್ನುವುದರ ಜೊತೆಗೆ ಅದು ಯಾವ ರೂಪದಲ್ಲಿ, ಎಷ್ಟು ರಭಸದಲ್ಲಿ ಬಂತು ಅನ್ನುವುದೂ ಮುಖ್ಯ.

ಕಾಡಿಗೆ ಯಾರು ಗೊಬ್ಬರ ಹಾಕುತ್ತಾರೆ ಅಂತ ಕೇಳಬಹುದು. ಮರದ ಇಳುವರಿಗಾಗಿ ಬೆಳೆಸುವ ಕಾಡುಗಳಿಗೆ ಎಷ್ಟೋ ದೇಶಗಳಲ್ಲಿ ಹಾಕುತ್ತಾರೆ, ಹೆಲಿಕಾಪ್ಟರಿನಿಂದ ಕೂಡ ಎರಚುತ್ತಾರೆ. ಯಾರೂ ಹಾಕದ ಕಾಡಿಗೂ ಅದು ಹೋಗಿ ಬೀಳುತ್ತದೆ. ಹೊಲದಿಂದ, ದನದ ಕೊಟ್ಟಿಗೆಯಿಂದ ಎದ್ದ ಅಮೋನಿಯಾ, ವಾಹನಗಳ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳು ಗಾಳಿಯಲ್ಲಿ ದೂರ ಸಾಗಿ ಮಳೆಯ ಜೊತೆ, ಧೂಳಿನ ಜೊತೆ ಇಳಿಯುತ್ತವೆ. ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ ಕಾರ್ಖಾನೆ 1913ರಲ್ಲಿ ಶುರುವಾಗುವ ಮೊದಲು ಕಾಡಿಗೆ ಹೀಗೆ ಬೀಳುತ್ತಿದ್ದ ಸಾರಜನಕ ಅತ್ಯಲ್ಪ. ಪಶ್ಚಿಮ ಯುರೋಪಿನ ಕೆಲವು ಕಾಡುಗಳಿಗೆ ವರ್ಷಕ್ಕೆ ಹೆಕ್ಟೇರಿಗೆ 20 ಕಿಲೋಗೂ ಜಾಸ್ತಿ ಬಿದ್ದಿದೆ. ಮರಗಳ ಅಂಚು, ತೋಪಿನ ಬದಿ ಇದನ್ನು ಇನ್ನೂ ಜಾಸ್ತಿ ಬಾಚಿಕೊಳ್ಳುತ್ತವೆ, ಎಲೆಗಳ ಮೇಲೆ ಕೂತದ್ದು ಮಳೆ ಬಂದಾಗ ತೊಟ್ಟಿಕ್ಕಿ ನೆಲಕ್ಕೆ ಇಳಿಯುತ್ತದೆ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಸಾರಜನಕ ಯಾವಾಗಲೂ ಕೆಟ್ಟದ್ದಲ್ಲ. ಈ ಬ್ಯಾಕ್ಟೀರಿಯಾಗಳಿಗೂ ಮೈ ಬೆಳೆಸಲು ಸಾರಜನಕ ಬೇಕು, ತೀರಾ ಬಡ ಮಣ್ಣಿಗೆ ಸ್ವಲ್ಪ ಬಿದ್ದರೆ ಮಿಥೇನ್ ಹೀರುವುದು ಜಾಸ್ತಿಯೂ ಆಗಬಹುದು. ನೂರಾರು ಅಳತೆಗಳನ್ನು ಒಟ್ಟಿಗೆ ಇಟ್ಟು 2010ರಲ್ಲಿ ಮಾಡಿದ ಒಂದು ವಿಶ್ಲೇಷಣೆಯಲ್ಲಿ, ವರ್ಷಕ್ಕೆ ಹೆಕ್ಟೇರಿಗೆ ಸುಮಾರು 100 ಕಿಲೋ ಸಾರಜನಕದ ಕೆಳಗೆ ಹೆಚ್ಚಿನ ಕಡೆ ಹೀರುವಿಕೆ ಏರಿತ್ತು, ಅದರ ಮೇಲೆ ಇಳಿದಿತ್ತು. ಹಾಗಂತ 100 ಅನ್ನುವುದನ್ನು ಕಣ್ಣುಮುಚ್ಚಿ ಎಲ್ಲ ಕಾಡಿಗೂ ಹಾಕುವ ಲೈಸೆನ್ಸ್ ಅಂತ ತಿಳಿಯಬಾರದು. ಅದು ಸರಾಸರಿ. ಒಂದು ಮಣ್ಣು ತಾಳಿದ್ದನ್ನು ಇನ್ನೊಂದು ತಾಳುವುದಿಲ್ಲ. ಕೆಲವು ಕಾಡುಮಣ್ಣುಗಳಲ್ಲಿ ಅಮೋನಿಯಂ ಬಿಡಿ, ನೈಟ್ರೇಟ್ ಕೂಡ ಜೋರಾಗಿ ತಡೆದದ್ದನ್ನು ಅಳೆದಿದ್ದಾರೆ. ಬೇರಿನಲ್ಲಿ ಸಾರಜನಕ ಹಿಡಿಯುವ ಆಲ್ಡರ್ ಮರದ ಕೆಳಗಿನ ಮಣ್ಣು ಪಕ್ಕದ ಬೇರೆ ಮರಗಳ ಕೆಳಗಿನ ಮಣ್ಣಿಗಿಂತ ಕಡಿಮೆ ಮಿಥೇನ್ ತಿಂದದ್ದೂ ಇದೆ. ಯಾರೂ ಗೊಬ್ಬರ ಹಾಕದೆಯೇ!

ಮರಗಳ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ, ನನಗೆ ಈ ವಿಷಯದಲ್ಲಿ ಅತಿ ಕುತೂಹಲದ ಭಾಗ ಇದೇ. ಪೈನ್ ಕಾಡಿನೊಳಗೆ ಹೋದರೆ ಮೂಗಿಗೆ ಬಡಿಯುವ ಘಮ ಇದೆಯಲ್ಲ, ಟರ್ಪೆಂಟೈನ್ ಎಣ್ಣೆಯ ಘಮ, ಅದು ಮಾನೊಟರ್ಪೀನ್ ಅನ್ನುವ ಗುಂಪಿನ ಸಂಯುಕ್ತಗಳದ್ದು. ಪೈನೀನ್, ಲಿಮೊನೀನ್ ಎಲ್ಲ ಆ ಗುಂಪಿನವು. ಸೂಜಿ ಎಲೆಗಳು ಉದುರಿ ನೆಲದ ಮೇಲೆ ಮೆತ್ತಗೆ ಹಾಸಿಕೊಂಡಾಗ ಈ ಎಣ್ಣೆಗಳೂ ಅಲ್ಲಿ ಸೇರುತ್ತವೆ. 1990ರ ದಶಕದ ಕೊನೆಯಲ್ಲಿ ಕೆನಡಾದಲ್ಲಿ ಅಮರಾಲ್ ಮತ್ತು ನೋಲ್ಸ್ ಕಾಡುಮಣ್ಣಿನ ಮೇಲೆ ಇವನ್ನು ಒಂದೊಂದಾಗಿ ಪರೀಕ್ಷಿಸಿದರು. ಹಲವು ಮಾನೊಟರ್ಪೀನ್‌ಗಳು ಮಣ್ಣಿನ ಮಿಥೇನ್ ಸೇವನೆಯನ್ನು ತಡೆದವು. ಎಲ್ಲವೂ ಒಂದೇ ಸಮ ಅಲ್ಲ: ಅಣುವಿನಲ್ಲಿ ಉಂಗುರ ಇದ್ದು, ಆಮ್ಲಜನಕ ಸೇರದೆ, ಜೋಡಿ ಬಂಧ ಇರುವ ಪೈನೀನ್‌ನಂಥವು ಜೋರಾಗಿ ತಡೆದವು.

ಕಾಡಿನ ನೆಲವನ್ನು ಒಂದು ಗೇಣು ಅಗೆದು ಪದರ ಪದರ ನೋಡಿದರೆ ಇದಕ್ಕೆ ಹೊಂದುವ ಒಂದು ಸಂಗತಿ ಕಾಣುತ್ತದೆ. ಮೇಲೆ ಉದುರಿದ ಎಲೆ, ಅದರ ಕೆಳಗೆ ಕೊಳೆತು ಕಪ್ಪಾದ ಪದರ, ಅದರ ಕೆಳಗೆ ನಿಜವಾದ ಮಣ್ಣು. ಗಾಳಿ ಮೇಲಿನಿಂದ ಬರುವುದರಿಂದ ಮಿಥೇನ್ ತಿನ್ನುವವು ತೀರಾ ಮೇಲೆಯೇ ಇರಬೇಕಿತ್ತು ಅಲ್ವಾ? ಇರುವುದಿಲ್ಲ. ಹೆಚ್ಚಿನ ಕಾಡುಗಳಲ್ಲಿ ಅವು ಕೊಳೆತ ಪದರದ ಕೆಳಗೆ, ಮಣ್ಣಿನ ಮೊದಲ ಕೆಲವು ಸೆಂಟಿಮೀಟರುಗಳಲ್ಲಿ ಕೆಲಸ ಮಾಡುತ್ತವೆ. ಮೇಲಿನ ಪದರ ಬೇಗ ಒಣಗುತ್ತದೆ, ಎಲೆ ಕೊಳೆಯುವಾಗ ಅಮೋನಿಯಂ ಬಿಡುಗಡೆಯಾಗುತ್ತದೆ, ಸೂಜಿ ಎಲೆಯ ಕಾಡಾದರೆ ಟರ್ಪೀನ್‌ಗಳೂ ಇರುತ್ತವೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಅನ್ನುವುದು ಕಾಡಿನಿಂದ ಕಾಡಿಗೆ ಬೇರೆ. ಒಟ್ಟಿನಲ್ಲಿ ಇವು ಹೊಟ್ಟೆಪಾಡಿಗಾಗಿ ಮೇಲಕ್ಕೂ ಹೋಗಲಾರದೆ, ಮಿಥೇನ್ ತಲುಪದ ಆಳಕ್ಕೂ ಹೋಗಲಾರದೆ, ಮಧ್ಯದ ಒಂದು ತೆಳು ಪಟ್ಟಿಯಲ್ಲಿ ಬದುಕುತ್ತಿವೆ. ಜರ್ಮನಿಯಲ್ಲಿ ಅಗಲ ಎಲೆಯ ಬೀಚ್ ಮರದ ಕಾಡನ್ನೂ ಸೂಜಿ ಎಲೆಯ ಸ್ಪ್ರೂಸ್ ಕಾಡನ್ನೂ ಅಕ್ಕಪಕ್ಕ ಅಳೆದಾಗ ಬೀಚ್ ಕಾಡಿನ ಮಣ್ಣೇ ಮಿಥೇನ್ ಜಾಸ್ತಿ ಹೀರಿದೆ. ಯಾವ ಮರ ನೆಡುತ್ತೇವೆ ಅನ್ನುವುದೂ ಒಂದು ರಾಸಾಯನಿಕ ತೀರ್ಮಾನವೇ ಆಗುತ್ತದೆ ಹಾಗಾದರೆ.

ಉಪ್ಪಿನ ವಿಷಯ ಬೇಗ ಮುಗಿಸುತ್ತೇನೆ. ಅಮೋನಿಯಂ ಇಲ್ಲದ ಬರೀ ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೂ ಈ ಕೆಲಸ ತಗ್ಗುತ್ತದೆ. ಒಂದು ಕಾರಣ ಉಪ್ಪು ನೇರವಾಗಿ ಜೀವಕೋಶದ ನೀರು ಎಳೆಯುವುದು, ಇನ್ನೊಂದು, ಮಣ್ಣಿನ ಕಣಕ್ಕೆ ಅಂಟಿದ್ದ ಅಮೋನಿಯಂ ಕಳಚಿ ನೀರಿಗೆ ಬರುವುದು. ಆಮ್ಲ ಮಳೆಯಿಂದ ಮಣ್ಣು ಹುಳಿಯಾದರೆ ಅಲ್ಯೂಮಿನಿಯಂ ಕರಗಿ ಬರುತ್ತದೆ, ಅದೂ ಇವಕ್ಕೆ ವಿಷ. ಎಥಿಲೀನ್ ಅನಿಲ ಕೂಡ ತಡೆಯುತ್ತದೆ, ಅದನ್ನು ಮಣ್ಣಿನ ಬೇರೆ ಸೂಕ್ಷ್ಮಜೀವಿಗಳೇ ಉಂಟುಮಾಡುತ್ತವೆ. ಅಸಿಟಿಲೀನ್ ಅಂತೂ ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕಾಯಂ ಆಗಿ ಕೆಡಿಸುತ್ತದೆ. ಮಣ್ಣಿನಲ್ಲಿ ಮಿಥೇನ್ ಕಡಿಮೆಯಾಗುತ್ತಿರುವುದು ನಿಜಕ್ಕೂ ಈ ಬ್ಯಾಕ್ಟೀರಿಯಾಗಳಿಂದಲೇ ಹೌದೋ ಅಂತ ಪರೀಕ್ಷಿಸಲು ವಿಜ್ಞಾನಿಗಳು ಸೀಸೆಗೆ ಒಂದು ಚೂರು ಅಸಿಟಿಲೀನ್ ಬಿಡುತ್ತಾರೆ. ಇಳಿಯುತ್ತಿದ್ದ ಗೆರೆ ಅಲ್ಲಿಗೇ ನಿಲ್ಲುತ್ತದೆ.

ಇನ್ನು ನಾವು ಬೇಕಂತಲೇ ಸಿಂಪಡಿಸುವ ರಾಸಾಯನಿಕಗಳು. 2,4-ಡಿ ಅನ್ನುವ ಹಳೆಯ ಕಳೆನಾಶಕ ಮಣ್ಣಿನ ಮಿಥೇನ್ ಸೇವನೆಯನ್ನು ತಡೆಯುತ್ತದೆ ಅಂತ ಮೂರು ದಶಕಗಳಿಂದ ಗೊತ್ತಿದೆ. ನೈಟ್ರಾಪೈರಿನ್ ಅಂತ ಇನ್ನೊಂದಿದೆ. ಗೊಬ್ಬರದ ಅಮೋನಿಯಂ ಬೇಗ ನೈಟ್ರೇಟ್ ಆಗಿ ತೊಳೆದು ಹೋಗದಿರಲಿ ಅಂತ ಗೊಬ್ಬರದ ಜೊತೆ ಬೆರೆಸುತ್ತಾರೆ. ಒಳ್ಳೆಯ ಉದ್ದೇಶವೇ. ಆದರೆ ಅಮೋನಿಯಂ ತಿನ್ನುವ ಬ್ಯಾಕ್ಟೀರಿಯಾದ ಕಿಣ್ವವೂ ಮಿಥೇನ್ ತಿನ್ನುವ ಬ್ಯಾಕ್ಟೀರಿಯಾದ ಕಿಣ್ವವೂ ಒಂದೇ ವಂಶದವು, ಹತ್ತಿರದ ದಾಯಾದಿಗಳು. ಒಂದನ್ನು ನಿಲ್ಲಿಸಲು ಮಾಡಿದ ಔಷಧಿ ಇನ್ನೊಂದನ್ನೂ ನಿಲ್ಲಿಸುತ್ತದೆ. ಮೇಲಾಗಿ ಅಮೋನಿಯಂ ಮಣ್ಣಲ್ಲಿ ಜಾಸ್ತಿ ದಿನ ಉಳಿಯುತ್ತದೆ, ಅದರ ಪೆಟ್ಟು ಬೇರೆ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಒಂದು ಕಳೆನಾಶಕವೋ ಕೀಟನಾಶಕವೋ ಮಾರುಕಟ್ಟೆಗೆ ಬರುವ ಮೊದಲು ಮಣ್ಣಿನ ಸೂಕ್ಷ್ಮಜೀವಿಗಳಿಗೆ ತೊಂದರೆ ಇಲ್ಲ ಅಂತ ತೋರಿಸಬೇಕು. ಅದಕ್ಕೆ ಜಗತ್ತಿನಲ್ಲಿ ಬಹಳ ಕಡೆ ಬಳಸುವುದು ಒಇಸಿಡಿ ಅನ್ನುವ, ಹೆಚ್ಚಾಗಿ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಸ್ಥೆ 2000ದಲ್ಲಿ ಹೊರಡಿಸಿದ 216 ಮತ್ತು 217 ನಂಬರಿನ ಎರಡು ಪರೀಕ್ಷೆಗಳನ್ನು. ಮೊದಲನೆಯದರಲ್ಲಿ ಮಣ್ಣಲ್ಲಿ ಎಷ್ಟು ನೈಟ್ರೇಟ್ ಆಯಿತು ಅಂತ ಅಳೆಯುತ್ತಾರೆ. ಎರಡನೆಯದರಲ್ಲಿ ಮಣ್ಣಿಗೆ ಗ್ಲೂಕೋಸ್ ಹಾಕಿ ಸೂಕ್ಷ್ಮಜೀವಿಗಳು ಎಷ್ಟು ಉಸಿರಾಡಿದವು ಅಂತ ಅಳೆಯುತ್ತಾರೆ. ಗ್ಲೂಕೋಸ್ ಸಿಕ್ಕರೆ ಮಣ್ಣಿನ ಸಾವಿರಾರು ಬಗೆಯ ಜೀವಿಗಳು ಮುಗಿಬೀಳುತ್ತವೆ. ಗಾಳಿಯ ಮಿಥೇನ್ ತಿನ್ನುವವು ಆ ಜಾತ್ರೆಯಲ್ಲಿ ಎಣಿಕೆಗೇ ಸಿಗದಷ್ಟು ಕಡಿಮೆ, ಸಾಲದ್ದಕ್ಕೆ ಅವುಗಳ ಊಟ ಗ್ಲೂಕೋಸೇ ಅಲ್ಲ. ಅವೆಲ್ಲವೂ ಸತ್ತುಹೋಗಿದ್ದರೂ ಈ ಪರೀಕ್ಷೆ ಪಾಸಾಗುತ್ತದೆ. ಮಣ್ಣಿಗೆ ಸುರಕ್ಷಿತ ಅಂತ ಕಾಗದ ಸಿಗುತ್ತದೆ. ಮಿಥೇನ್ ಕತೆ ಏನಾಯಿತು ಅನ್ನುವ ಪ್ರಶ್ನೆಯನ್ನೇ ಆ ಎರಡು ಪರೀಕ್ಷೆಗಳಲ್ಲಿ ಯಾರೂ ಕೇಳಿಲ್ಲ.

ಕೇಳುವುದು ಕಷ್ಟವೂ ಅಲ್ಲ. ಕಾಡುಮಣ್ಣು ಒಂದಿಷ್ಟು ಸೀಸೆಗೆ ಹಾಕಿ, ರಾಸಾಯನಿಕ ಬೆರೆಸಿ, ಬೆರೆಸದ ಸೀಸೆಯ ಪಕ್ಕ ಇಟ್ಟು, ಮಾಮೂಲಿ ಗಾಳಿಯಲ್ಲಿರುವಷ್ಟೇ ಮಿಥೇನ್ ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ ಅಂತ ನೋಡಿದರೆ ಆಯಿತು. ಉಪಕರಣ ಎಷ್ಟೋ ಪ್ರಯೋಗಾಲಯಗಳಲ್ಲಿ ಆಗಲೇ ಇದೆ. ಮಾಮೂಲಿ ಗಾಳಿಯಷ್ಟೇ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕಂದ್ರೆ ಕೆಲಸ ಸುಲಭವಾಗಲಿ ಅಂತ ಸೀಸೆಗೆ ಮಿಥೇನ್ ಧಾರಾಳವಾಗಿ ತುಂಬಿದರೆ ಎಚ್ಚರಗೊಳ್ಳುವುದು ಬೇರೆ ಬ್ಯಾಕ್ಟೀರಿಯಾಗಳು, ಗದ್ದೆ ಕೊಚ್ಚೆಗಳ ಹೊಟ್ಟೆಬಾಕರು. ಕಾಡಿನ ಈ ಮಿತಾಹಾರಿಗಳ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ.

ಇದಕ್ಕೆ ಯಾಕೆ ಇಷ್ಟು ಅವಸರ ಪಡುತ್ತೀರಿ, ರಾಸಾಯನಿಕ ನಿಲ್ಲಿಸಿದರೆ ಮಣ್ಣು ಮತ್ತೆ ಸರಿಹೋಗುತ್ತದಲ್ಲ ಅನ್ನುವವರಿಗೆ ಒಂದು ಉತ್ತರ ಇದೆ. ಉತ್ತರ ಯುರೋಪಿನಲ್ಲಿ ಕಾಡು ಕಡಿದು ಹೊಲ ಮಾಡಿದ ಜಾಗಗಳನ್ನು ಅಳೆದಾಗ ಮಿಥೇನ್ ಹೀರುವುದು ಮೂರರಲ್ಲಿ ಎರಡು ಪಾಲು ಇಳಿದಿತ್ತು. ಅದೇ ಹೊಲವನ್ನು ಮತ್ತೆ ಕಾಡಾಗಲು ಬಿಟ್ಟರೆ ಹಳೆಯ ಮಟ್ಟಕ್ಕೆ ಬರಲು ನೂರು ವರ್ಷಕ್ಕೂ ಜಾಸ್ತಿ ಬೇಕಾಗಬಹುದು ಅಂತ ಆ ಅಳತೆಗಳಿಂದ ಗೊತ್ತಾಯಿತು. ಮರ ಬೆಳೆದು ನಿಂತಿರುತ್ತದೆ, ಹಕ್ಕಿ ಬಂದಿರುತ್ತದೆ, ಫೋಟೊದಲ್ಲಿ ಪೂರ್ತಿ ಕಾಡೇ. ಮಣ್ಣಿನೊಳಗೆ ಇನ್ನೂ ಹೊಲವೇ ಇರುತ್ತದೆ.

ಎಲ್ಲ ತಪ್ಪನ್ನೂ ರಾಸಾಯನಿಕದ ತಲೆಗೆ ಕಟ್ಟುತ್ತಿಲ್ಲ. ನೀರಿನ ಪಾತ್ರವೂ ದೊಡ್ಡದು. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದರೆ ಮಿಥೇನ್ ಒಳಗೆ ಇಳಿಯಲಾರದು, ನೀರಿನಲ್ಲಿ ಅದು ಗಾಳಿಯಲ್ಲಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಅಮೆರಿಕದ ಬಾಲ್ಟಿಮೋರ್ ಮತ್ತು ಹಬರ್ಡ್ ಬ್ರೂಕ್ ಕಾಡುಗಳಲ್ಲಿ ಸುಮಾರು ಎರಡು ದಶಕ ಅಳೆದವರು ಮಿಥೇನ್ ಹೀರುವುದು ಬಹಳ ಇಳಿದಿದೆ ಅಂತ 2018ರಲ್ಲಿ ವರದಿ ಮಾಡಿದಾಗ ಮುಖ್ಯವಾಗಿ ಬೊಟ್ಟು ಮಾಡಿದ್ದು ಹೆಚ್ಚಿದ ಮಳೆಯ ಕಡೆಗೆ. ಜರ್ಮನಿಯ ನೈಋತ್ಯ ಭಾಗದ ಕಾಡುಗಳಲ್ಲಿ ಅಷ್ಟೇ ದೀರ್ಘ ಕಾಲ ಅಳೆದಾಗ ಹೀರುವುದು ಜಾಸ್ತಿಯಾಗಿತ್ತು, ಅಲ್ಲಿ ಮಣ್ಣು ಒಣಗಿ ಬೆಚ್ಚಗಾಗಿತ್ತು. ಹೀಗೆ ಒಂದು ಕಡೆ ಇಳಿಕೆ, ಇನ್ನೊಂದು ಕಡೆ ಏರಿಕೆ ಇರುವಾಗ ಇನ್ನೂ ಹೆಚ್ಚು ಕಡೆ ಅಳೆಯಬೇಕು ಅನ್ನುವುದು ನನ್ನ ವಾದ. ಮಳೆಯನ್ನು ನಾವು ಹಿಡಿದು ನಿಲ್ಲಿಸಲಾರೆವು. ಕಾಡಿನ ಮೇಲೆ ಎಷ್ಟು ಯೂರಿಯಾ ಎರಚಬೇಕು, ಯಾವ ಕಳೆನಾಶಕ ಹೊಡೆಯಬೇಕು ಅನ್ನುವುದು ಪೂರ್ತಿ ನಮ್ಮ ಕೈಯಲ್ಲಿದೆ.

2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ನೂರಕ್ಕೂ ಹೆಚ್ಚು ದೇಶಗಳು ಸೇರಿ 2030ರೊಳಗೆ ಮನುಷ್ಯರಿಂದ ಹೊರಬರುವ ಮಿಥೇನನ್ನು 2020ರ ಮಟ್ಟಕ್ಕಿಂತ 30% ಇಳಿಸೋಣ ಅಂತ ಮಾತು ಕೊಟ್ಟವು. ಒಳ್ಳೆಯ ಮಾತು. ಅದು ಹೊರಬರುವ ಮಿಥೇನಿನ ಬಗ್ಗೆ ಮಾತ್ರ. ಹೀರುವ ಮಣ್ಣನ್ನು ಹಾಳುಮಾಡಬೇಡಿ ಅನ್ನುವ ಸಾಲು ಅದರಲ್ಲಿಲ್ಲ. ಮರ ಬೆಳೆಸಿ ಕಾರ್ಬನ್ ಹಿಡಿದೆವು ಅಂತ ಲೆಕ್ಕ ಕೊಡುವವರೂ ಹಾಗೆಯೇ, ಮರದ ಸುತ್ತಳತೆ ಎತ್ತರ ಬರೆದುಕೊಳ್ಳುತ್ತಾರೆ, ಮರ ಬೇಗ ಬೆಳೆಯಲಿ ಅಂತ ಹಾಕಿದ ಗೊಬ್ಬರ ಮಣ್ಣಿನ ಮಿಥೇನ್ ಹಸಿವನ್ನು ಎಷ್ಟು ಕೊಂದಿತು, ಅದೇ ಗೊಬ್ಬರದಿಂದ ನೈಟ್ರಸ್ ಆಕ್ಸೈಡ್ ಅನ್ನುವ ಶಾಖ ಹಿಡಿಯುವ ಇನ್ನೊಂದು ಅನಿಲ ಎಷ್ಟು ಎದ್ದಿತು ಅನ್ನುವುದು ಆ ಲೆಕ್ಕದ ಪುಸ್ತಕಕ್ಕೆ ಬರುವುದೇ ಅಪರೂಪ. ಜಮಾ ಮಾತ್ರ ಬರೆದು ಖರ್ಚು ಬರೆಯದ ಲೆಕ್ಕವನ್ನು ಬೇರೆ ಯಾವ ವ್ಯವಹಾರದಲ್ಲಾದರೂ ನಾವು ಒಪ್ಪುತ್ತೇವಾ?

ಹಾಗಾಗಿ ಸಂಪಾದಕರೇ, ನಿಮ್ಮ ಮೂಲಕ ಮೂರು ಕಡೆಯವರಿಗೆ ಕೇಳುತ್ತಿದ್ದೇನೆ. ಕಾಡು ನೋಡಿಕೊಳ್ಳುವವರು ಗೊಬ್ಬರ ಎರಚುವ ಮೊದಲು, ಆಮೇಲೆ, ಎರಡೂ ಸಲ ಮಣ್ಣಿನ ಮಿಥೇನ್ ಅಳೆಸಲಿ, ಒಂದು ಪಟ್ಟಿಯನ್ನಾದರೂ ಏನೂ ಹಾಕದೆ ಬಿಡಲಿ, ಇಲ್ಲದಿದ್ದರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಕೃಷಿ ರಾಸಾಯನಿಕಗಳಿಗೆ ಒಪ್ಪಿಗೆ ಕೊಡುವವರು ಈಗಿನ ಪರೀಕ್ಷೆಗಳ ಜೊತೆ ಮಿಥೇನ್ ಸೀಸೆಯ ಪರೀಕ್ಷೆಯನ್ನೂ ಸೇರಿಸಲಿ, ಕೊನೆಪಕ್ಷ ಕಾಡಿನಲ್ಲಿ, ಕಾಡಿನ ಅಂಚಿನಲ್ಲಿ ಬಳಸುವ ರಾಸಾಯನಿಕಗಳಿಗೆ. ಮೂರನೆಯದು ನಿಮಗೇ. ಮುಂದಿನ ಸಲ ಮಿಥೇನ್ ಬಗ್ಗೆ ವರದಿ ಮಾಡುವಾಗ ನಿಮ್ಮ ವರದಿಗಾರರು ಎಷ್ಟು ಹೊರಬಂತು ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಲಿ: ಇದನ್ನು ತಿನ್ನುತ್ತಿದ್ದ ಮಣ್ಣು ಎಲ್ಲಿದೆ, ಅದರ ಮೇಲೆ ಈ ವರ್ಷ ಏನೇನು ಬಿದ್ದಿದೆ? ಉತ್ತರ ಸಿಕ್ಕರೆ ಪ್ರಕಟಿಸಿ. ಯಾರೂ ಅಳೆದಿಲ್ಲ ಅನ್ನುವ ಉತ್ತರ ಬಂದರೆ ಅದನ್ನೂ ಪ್ರಕಟಿಸಿ.

ಇಂತಿ,
ನಿಮ್ಮ ಓದುಗ